ಮೂರುಸೋರೆ ದೊಣೆ

ಕೆಂಗಲ್ಲಟ್ಟಿಯ ಬಸ್ ನಿಲ್ದಾಣದಲ್ಲಿ ಇಳಿದು ಮೂಡಣಕ್ಕೆ ಮುಖ ಮಾಡಿ ನಿಂತರೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಗುಡ್ಡವೊಂದು ಕಾಣುತ್ತದೆ. ಅದು ಮೋರ್ಯರ ಗುಡ್ಡ. ಅದರ ನೆತ್ತಿಯ ಬಯಲಿನಲ್ಲಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಪುಟ್ಟ ಮನೆಗಳು ಸಾಲಾಗಿ ನಿಂತಿವೆ. ಕೆಲವು ಬಿದ್ದಿವೆ, ಕೆಲವು ಬೀಳಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿವೆ. ಒಂದೊಂದರ ಮುಂಗಲ್ಲಿಗೂ ಒಂದು ದುಂಡನೆಯ ಕಂಡಿ, ಅದೇ ಬಾಗಿಲು. ಕಟ್ಟಿದವರು ಮೊಣಕಾಲೆತ್ತರದ ಮೋರ್ಯರೆಂಬ ಜನ ಎನ್ನುತ್ತಾರೆ. ಅಷ್ಟು ಸಣ್ಣ ಜನ ಇಷ್ಟು ದೊಡ್ಡ ಚಪ್ಪಡಿಗಳನ್ನು ಎತ್ತಿದ್ದು ಹೇಗೆ ಎಂದು ಕೇಳಿದರೆ ಊರವರಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಕೇಳಬಾರದು. ಮನೆಗಳ ಹಿಂದೆ, ಬಂಡೆಗಳು ತಗ್ಗಾದ ಕಡೆ, ದೊಣೆ ಇದೆ. ದೊಣೆ ಎಂದರೆ ಯಾರೂ ತೋಡದ ಕೊಳ. ಬಂಡೆಯೇ ಬೊಗಸೆಯೊಡ್ಡಿ ಹಿಡಿದಿಟ್ಟುಕೊಂಡ ನೀರು ಅದು, ಬೇಸಗೆಯಲ್ಲೂ ಬತ್ತುವುದಿಲ್ಲ. ಬಿಸಿಲು ನೆತ್ತಿಗೇರಿದಾಗ ಆ ನೀರು ಹಸಿರಾಗಿ ಹೊಳೆಯುವುದನ್ನು ಕಂಡವರು ಅಂಗಿ ಬಿಚ್ಚದೆ ಹಿಂದಿರುಗಿದ್ದನ್ನು ನಾನಂತೂ ನೋಡಿಲ್ಲ.

ರಜೆಯ ದಿನಗಳಲ್ಲಿ ಪಟ್ಟಣದಿಂದ ಟೆಂಪೋ ತುಂಬ ಜನ ಬರುತ್ತಾರೆ. ಅವರನ್ನು ಬೆಳಿಗ್ಗೆ ಗುಡ್ಡ ಹತ್ತಿಸಿ, ಮೋರ್ಯರ ಮನೆಗಳನ್ನು ತೋರಿಸಿ, ದೊಣೆಯಲ್ಲಿ ಈಜಾಡಿಸಿ, ನೆರಳಲ್ಲಿ ರೊಟ್ಟಿ ಉಣಿಸಿ, ಹೊತ್ತು ಮುಳುಗುವುದರೊಳಗೆ ಇಳಿಸುವವಳು ಹುಲಿಗೆವ್ವ. ಅವಳ ಹೆಗಲಲ್ಲಿ ಒಣಗಿದ ಸೋರೆಬುರುಡೆಗಳ ಸರ ತೂಗುತ್ತಿರುತ್ತದೆ. ಈಜು ಬಲ್ಲವನಾಗಲಿ, ಬಾರದವನಾಗಲಿ, ಅವಳ ಕೈಯಿಂದ ಬೆನ್ನಿಗೆ ಸೋರೆ ಕಟ್ಟಿಸಿಕೊಳ್ಳದೆ ದೊಣೆಗಿಳಿಯುವಂತಿಲ್ಲ. ದೊಣೆಯ ಅಂಚಿನ ಬಂಡೆಯ ಮೇಲೆ ಮೂರು ಸೋರೆಗಳ ಕೆತ್ತನೆ ಇದೆ. ಬಂದವರು ಅದನ್ನು ಕಲಶ ಎನ್ನುತ್ತಾರೆ, ಕಮಲದ ಮೊಗ್ಗು ಎನ್ನುತ್ತಾರೆ. ಒಮ್ಮೆ ಒಬ್ಬ ಮಹಾಶಯರು ಉಳ್ಳಾಗಡ್ಡಿ ಎಂದರಂತೆ. ಹುಲಿಗೆವ್ವ ಎಲ್ಲರಿಗೂ ಹೂಂ ಎಂದು, ಕೊನೆಯಲ್ಲಿ ಈ ಕಥೆಯನ್ನು ಹೇಳುತ್ತಾಳೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಕೆಂಗಲ್ಲಟ್ಟಿಯಲ್ಲಿ ಕೆಂಚವ್ವ ಎಂಬ ಅಂಬಿಗರ ಹೆಣ್ಣುಮಗಳಿದ್ದಳು. ಹೊಳೆಯಿಲ್ಲದ ಊರಿಗೆ ಅಂಬಿಗರೇಕೆ ಬಂದರೋ ಗೊತ್ತಿಲ್ಲ; ಬಂದಮೇಲೆ ದೊಣೆಯನ್ನೇ ಹೊಳೆ ಎಂದುಕೊಂಡು ಉಳಿದರು. ಹಾದಿಹೋಕರಿಗೆ ಗುಡ್ಡ ತೋರಿಸಿ, ದೊಣೆಯಲ್ಲಿ ಮೀಯಿಸಿ, ಕ್ಷೇಮವಾಗಿ ಇಳಿಸಿ ಕಳುಹಿಸುವುದು ಆ ಮನೆತನದ ವೃತ್ತಿ. ತಾಯಿ ಸತ್ತಮೇಲೆ ಅದು ಕೆಂಚವ್ವನಿಗೆ ಬಂತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅವಳ ಪಾಲಿಗೆ ಇದ್ದದ್ದು ಆ ಗುಡ್ಡ, ಆ ನೀರು ಮತ್ತು ಒಂದು ಹರಿತವಾದ ನಾಲಗೆ. ಮನೆತನದ ಕಟ್ಟಳೆ ಎರಡೇ: ಹೊಸಬರು ಗುಡ್ಡಕ್ಕೆ ಬಂದರೆ ಮೊದಲು ತೋರಿಸಬೇಕು, ಉಳಿದ ಮಾತು ಆಮೇಲೆ; ಅರಸನಾಗಲಿ ಆಳಾಗಲಿ, ಸೋರೆ ಕಟ್ಟದೆ ನೀರಿಗೆ ಬಿಡಬಾರದು. ಎರಡು ಸೋರೆ ಒಬ್ಬ ಮನುಷ್ಯನನ್ನು ತೇಲಿಸುತ್ತವೆ. ಅದರ ಮೇಲೆ ಕಟ್ಟುವ ಮೂರನೆಯದೊಂದಿದೆ, ಅದರ ಗುಟ್ಟನ್ನು ಮುಂದೆ ಹೇಳುತ್ತೇನೆ.

ಆಗ ಈ ಸೀಮೆಯನ್ನು ಆಳುತ್ತಿದ್ದವನು ಕಾಟನಾಯಕ. ಆಳು ಎತ್ತರ, ಎದೆ ಅಗಲ, ಮೀಸೆ ಅದಕ್ಕಿಂತ ಅಗಲ. ಹೊಸ ಕೋಟೆ ಕಟ್ಟಿಸುತ್ತಿದ್ದ ಅವನ ಕಣ್ಣು ಮೋರ್ಯರ ಗುಡ್ಡದ ಮೇಲೆ ಬಿತ್ತು. ಕಡಿದು ಸಿದ್ಧವಾಗಿದ್ದ ಚಪ್ಪಡಿಗಳು ಗೋಡೆಗಾಗುತ್ತವೆ, ದೊಣೆಯ ನೀರನ್ನು ಹಿಡಿದಿಟ್ಟಿದ್ದ ಅಂಚಿನ ಬಂಡೆ ಹೆಬ್ಬಾಗಿಲಿಗಾಗುತ್ತದೆ ಎಂದು ಲೆಕ್ಕ ಹಾಕಿ ಕಲ್ಲುಕುಟಿಗರನ್ನು ಕಳಿಸಿದ. ಅವರು ದೊಣೆಯ ಅಂಚಿನುದ್ದಕ್ಕೂ ಸಾಲುಗುಳಿ ತೋಡಿದರು, ಗುಳಿಗಳಿಗೆ ಒಣ ಹುಣಸೆಯ ಬೆಣೆ ಬಡಿದರು. ಇನ್ನು ಆ ಬೆಣೆಗಳ ಮೇಲೆ ನೀರು ಹೊಯ್ಯುವುದಷ್ಟೇ ಬಾಕಿ. ನೀರು ಕುಡಿದ ಮರ ಉಬ್ಬುತ್ತದೆ, ಉಬ್ಬಿದ ಮರ ಎಂಥ ಬಂಡೆಯನ್ನೂ ಸೀಳುತ್ತದೆ. ಬಂಡೆ ಸೀಳಿದರೆ ದೊಣೆಯ ನೀರೆಲ್ಲ ಗುಡ್ಡದ ಕೆಳಗೆ ಹರಿದುಹೋಗುತ್ತದೆ, ಮತ್ತೆಂದೂ ನಿಲ್ಲುವುದಿಲ್ಲ. ಕುಟಿಗರ ಹಿರಿಯ ಯಲ್ಲೋಜನಿಗೂ ಈ ಕೆಲಸಕ್ಕೆ ಮನಸ್ಸಿರಲಿಲ್ಲ. ಆದರೆ ದೊರೆಯ ಮಾತು, ಮೀರುವಂತಿಲ್ಲ. ನಾಯಕನೇ ಬಂದು ನೋಡಿ ಅಪ್ಪಣೆ ಕೊಟ್ಟಮೇಲೆ ನೀರು ಹೊಯ್ಯುವುದೆಂದು ಕೊಡಗಳನ್ನು ತುಂಬಿಸಿಟ್ಟು ಕಾದು ಕುಳಿತ.

ನಾಯಕ ಬಂದ. ಜೊತೆಗೆ ಪಲ್ಲಕ್ಕಿಯಲ್ಲಿ ಅವನ ತಾಯಿ ತಿಮ್ಮಾಜವ್ವನೂ ಬಂದಳು. ಅವಳ ತವರು ಪಕ್ಕದ ಹಳ್ಳಿ. ಹುಡುಗಿಯಾಗಿದ್ದಾಗ ಇದೇ ದೊಣೆಯಲ್ಲಿ ಕೆಂಚವ್ವನ ತಾಯಿಯ ಕೈಯಿಂದ ಸೋರೆ ಕಟ್ಟಿಸಿಕೊಂಡು ಈಜು ಕಲಿತವಳು. ಅರಮನೆ ಸೇರಿದಮೇಲೆ ತಾಮ್ರದ ಹಂಡೆಯ ನೀರೇ ಗತಿಯಾಯಿತು. ದೊಣೆ ಹೋಗುತ್ತದೆಂದು ಕೇಳಿ, ಹೋಗುವ ಮೊದಲು ಒಂದು ಸಲ ನೋಡುತ್ತೇನೆಂದು ಹಟ ಹಿಡಿದು ಬಂದಿದ್ದಳು. ಕೆಂಚವ್ವ ಗುಡ್ಡದ ಬುಡದಲ್ಲೇ ದಾರಿಗಡ್ಡ ನಿಂತಳು. ಈ ಒಂದು ಹಗಲು ಕೈತಪ್ಪಿದರೆ ನಾಳೆಯಿಂದ ತನಗೆ ತೋರಿಸಲು ಏನೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅತ್ತು ಕಾಲಿಗೆ ಬಿದ್ದರೆ ದೊರೆ ಹೊನ್ನು ಕೊಟ್ಟು ಕಳಿಸಿಯಾನು, ಗುಡ್ಡವನ್ನು ಉಳಿಸಿಕೊಡಲಾರ ಎಂಬುದೂ ಗೊತ್ತಿತ್ತು.

"ದೊರಿ, ಮೊದಲ ನೋಡ್ರಿ, ಆಮ್ಯಾಲ ಒಡೀರಿ," ಎಂದಳು. "ಕಣ್ಣಿಲೆ ನೋಡದ ಮನಿ ಮುರಿಯೋದು ಯಾವ ಊರಿನ ಪದ್ಧತಿರೀ? ಒಂದ ಹಗಲು ನನ್ನ ಹಿಂದ ಬರ್ರಿ. ಹೊತ್ತು ಮುಣುಗಿದ ಮ್ಯಾಲ ನಿಮ್ಮ ಮನಸಿಗೆ ಬಂದಂಗ ಮಾಡ್ರಿ, ನಾ ಉಸುರು ಎತ್ತಂಗಿಲ್ಲ."

ನಾಯಕ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ತಿಮ್ಮಾಜವ್ವ ಪಲ್ಲಕ್ಕಿಯಿಂದ ಇಳಿದು ಸೆರಗು ಸಿಕ್ಕಿಸಿಕೊಂಡು ಹತ್ತಲು ಶುರುಮಾಡಿಯಾಗಿತ್ತು. ತಾಯಿ ನಡೆದಮೇಲೆ ಮಗ ನಿಲ್ಲುವಂತಿಲ್ಲ. ಹೊತ್ತು ಮುಳುಗಿದ ಕೂಡಲೇ ನೀರು ಹೊಯ್ಯಬೇಕೆಂದು ಮೇಲೆ ಕಾದಿದ್ದ ಯಲ್ಲೋಜನಿಗೆ ಹೇಳಿಕಳಿಸಿ ಕೆಂಚವ್ವನ ಹಿಂದೆ ಹೊರಟ.

ಕೆಂಚವ್ವ ಅವನನ್ನು ಮನೆಯಿಂದ ಮನೆಗೆ ನಡೆಸಿದಳು. ಇಲ್ಲಿ ಕಿವಿಗೊಟ್ಟರೆ ಗಾಳಿ ಮಾತಾಡುತ್ತದೆ ಎಂದಳು, ಈ ಚಪ್ಪಡಿ ಬಡಿದರೆ ಗಂಟೆಯಂತೆ ನುಡಿಯುತ್ತದೆ ಎಂದು ಬಡಿದು ತೋರಿಸಿದಳು. ನಾಯಕ ಹೂಂಗುಟ್ಟುತ್ತ ಗೇಣು ಹಾಕಿ ಚಪ್ಪಡಿಗಳ ಅಳತೆ ನೋಡುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೊನೆಗೆ, ಮೋರ್ಯರ ಮನೆಯನ್ನು ಒಳಗಿನಿಂದ ನೋಡಬೇಕು, ಹೊರಗಿನಿಂದ ಕತ್ತೆಯೂ ನೋಡುತ್ತದೆ ಎಂದು ಕೆಂಚವ್ವ ಮೆಲ್ಲಗೆ ಅಂದಳು. ನಾಯಕ ರುಮಾಲು ತೆಗೆದು, ಅಂಬೆಗಾಲಿಟ್ಟು ಕಂಡಿಯೊಳಗೆ ತೂರಿದ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆಯ ಹತ್ತಿರ ಸಿಕ್ಕಿಕೊಂಡ. ಬಂಟರಿಗೆ ನಗಲೂ ಭಯ, ಎಳೆಯಲೂ ಭಯ. ತಾಯಿಯೇ ಕಾಲು ಹಿಡಿದು ಜಗ್ಗಿದಳು. ಹೊರಬಂದ ನಾಯಕ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಠೀವಿಯಲ್ಲಿ, ಕಲ್ಲು ಗಟ್ಟಿಯಾಗಿದೆ, ಕೋಟೆಗೆ ಚೆನ್ನ ಎಂದುಬಿಟ್ಟ. ಕೆಂಚವ್ವ ತಲೆಯೆತ್ತಿ ಆಕಾಶ ನೋಡಿದಳು. ಬಿಸಿಲು ಆಗಲೇ ನೆತ್ತಿ ದಾಟಿತ್ತು.

ಉಳಿದದ್ದು ದೊಣೆಯೊಂದೇ. ದೊರೆಯ ತಾಯಿ ಮೀಯುತ್ತಾಳೆಂದು ಹೇಳಿ ಬಂಟರನ್ನೂ ಕುಟಿಗರನ್ನೂ ಬಂಡೆಗಳ ಆಚೆಗೆ ಕಳಿಸಿ, ಕೆಂಚವ್ವ ಅವಳ ಬೆನ್ನಿಗೆ ಎರಡು ಸೋರೆ ಕಟ್ಟಿದಳು. ತಿಮ್ಮಾಜವ್ವ ಉಟ್ಟ ಸೀರೆಯಲ್ಲೇ ನೀರಿಗಿಳಿದು, ಒಮ್ಮೆ ಮುಳುಗೆದ್ದು, ಕೈಬೀಸಿ ಈಜತೊಡಗಿದಳು. ಎಷ್ಟು ವರ್ಷದ ಹಿಂದೆ ಕಲಿತದ್ದೋ, ಮೈ ಮರೆತಿರಲಿಲ್ಲ. ನಡು ನೀರಿಗೆ ಹೋಗಿ ಅಂಗಾತ ತೇಲಿ, ಆಕಾಶ ನೋಡುತ್ತ ಹುಡುಗಿಯಂತೆ ಕಿಲಕಿಲನೆ ನಕ್ಕಳು. ಬಂಡೆಯ ಮೇಲೆ ನಿಂತಿದ್ದ ನಾಯಕ ಬೆರಗಾದ. ಅಪ್ಪ ಹೋದಮೇಲೆ ಅವ್ವ ಹೀಗೆ ನಕ್ಕಿದ್ದನ್ನು ಅವನು ಕೇಳಿರಲಿಲ್ಲ. ಸಾಕು ಬಾರಬೇ ಯವ್ವಾ ಎಂದು ಕರೆದ. "ಇನ್ನೊಂದು ಸುತ್ತು," ಎಂದಳು ತಾಯಿ. "ನೀನs ಬಾರೋ. ನಾಳೆ ಇರಂಗಿಲ್ಲ ಈ ನೀರು."

ನಾಯಕನ ಮುಖ ಬಿಳುಚಿತು. ತನಗೆ ನೆಗಡಿ ಎಂದ, ಹೊತ್ತಾಯಿತು ಎಂದ. ಕೆಂಚವ್ವ ಸೋರೆ ತೆಗೆದುಕೊಂಡು ಹತ್ತಿರ ಬಂದು ಹಗ್ಗ ಸುತ್ತಲು ಅವನ ತೋಳು ಎತ್ತಿದಳು. ತೋಳು ನಡುಗುತ್ತಿತ್ತು, ಅಂಗೈ ತಣ್ಣಗಿತ್ತು. ಬದುಕಿಡೀ ಅಂಜಿದವರ ಮೈಮುಟ್ಟಿ ಸೋರೆ ಕಟ್ಟಿದವಳಿಗೆ ಅಷ್ಟು ಸಾಕಾಯಿತು. ಎಳೆಯನಾಗಿದ್ದಾಗ ಕೋಟೆಯ ಬಾವಿಗೆ ಬಿದ್ದು, ಜುಟ್ಟು ಹಿಡಿದು ಎಳೆಸಿಕೊಂಡು ಬದುಕಿದವನು ಕಾಟನಾಯಕ. ಅಂದಿನಿಂದ ಮೊಣಕಾಲ ಮೇಲಿನ ನೀರಿಗೆ ಇಳಿದಿರಲಿಲ್ಲ. ಅದು ತಾಯಿಯೊಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕತ್ತಿಗೆ ಅಂಜದ ದೊರೆ ಕೊಳಕ್ಕೆ ಅಂಜುತ್ತಾನೆಂದರೆ ಪಾಳೆಯ ನಗುವುದಿಲ್ಲವೇ? ಆ ಗಳಿಗೆಯಲ್ಲಿ ಕೆಂಚವ್ವನಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು ಎನ್ನುತ್ತಾರೆ. ಗುಡ್ಡ ಒಡೆಯಲು ಬಂದ ದೊರೆಯ ಜಾಗದಲ್ಲಿ ನೀರಿಗೆ ಅಂಜಿದ ಕೂಸು ಕಂಡಿತು. ಎರಡು ಸೋರೆಗಳನ್ನು ಬೆನ್ನಿಗೆ ಬಿಗಿದಳು. ಮೂರನೆಯದನ್ನು ಸರದಿಂದ ಬಿಚ್ಚಿ ಎದೆಗೆ ಕಟ್ಟುತ್ತ, ಬಂಡೆಯೂ ಕೇಳದಷ್ಟು ಮೆಲ್ಲಗೆ ನುಡಿದಳು.

"ಎರಡು ಮೈಗೆ, ಒಂದು ಅಂಜಿಕಿಗೆ. ನಮ್ಮವ್ವನೂ ಹಿಂಗs ಕಟ್ಟತಿದ್ಲು. ಅಂಜಿಕಿ ಹೋದಾಗ ಬಿಚ್ಚಿ ಒಗೀರಿ. ನಾ ಯಾರಿಗೂ ಹೇಳಂಗಿಲ್ಲ, ದೊಣಿ ಆಣಿ."

ನಾಯಕ ಅವಳ ಮುಖ ನೋಡಿದ. ತಾಯಿ ನೀರಿನಿಂದ ಎರಡೂ ಕೈ ಚಾಚಿದ್ದಳು. ಕಣ್ಣು ಮುಚ್ಚಿ ಇಳಿದ. ಇಳಿದವನು ಒಂದಿಷ್ಟು ಹೊತ್ತು ಕೆಂಚವ್ವನ ರಟ್ಟೆಯನ್ನು ಬಿಡಲಿಲ್ಲ. ಆ ರಟ್ಟೆಯ ಮೇಲೆ ಅವನ ಬೆರಳ ಗುರುತು ತಿಂಗಳುಗಟ್ಟಲೆ ಇತ್ತಂತೆ. ಆಮೇಲೆ ಸೋರೆಗಳು ತಮ್ಮ ಕೆಲಸ ಮಾಡಿದವು. ನೀರು ತನ್ನನ್ನು ಎತ್ತಿ ಹಿಡಿದಿದೆ, ಎಳೆಯುತ್ತಿಲ್ಲ ಎಂದು ಅವನ ಮೈಗೆ ತಿಳಿಯಿತು. ಒಂದು ಕೈ ಬಿಟ್ಟ, ಇನ್ನೊಂದನ್ನೂ ಬಿಟ್ಟ. ಕಾಲು ಬಡಿದ, ಮುಂದಕ್ಕೆ ಹೋದ, ತಾಯಿಯನ್ನು ಮುಟ್ಟಿದ, ನಕ್ಕ. ಬಂಡೆಗಳ ಆಚೆ ಕುಳಿತ ಬಂಟರು ದೊರೆಯ ನಗು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಣೆ ಸುತ್ತುತ್ತ ಸುತ್ತುತ್ತ, ಬಿಸಿಲು ಹಳದಿಗೆ ತಿರುಗುವ ಹೊತ್ತಿಗೆ, ನಾಯಕ ತಾನೇ ಎದೆಯ ಗಂಟು ಬಿಚ್ಚಿ ಮೂರನೆಯ ಸೋರೆಯನ್ನು ದಂಡೆಗೆ ಎಸೆದ. ಈಗ ಸಾಕು ಬಾರೋ ಎಂದು ಕರೆಯುವ ಸರದಿ ತಾಯಿಯದು. ಇನ್ನೊಂದು ಸುತ್ತು ಎನ್ನುವ ಸರದಿ ಅವನದು.

ಹೊತ್ತು ಮುಳುಗಿತು. ಯಲ್ಲೋಜ ಆಚೆಯಿಂದಲೇ ಕೂಗಿ, ಬೆಣೆಗಳಿಗೆ ನೀರು ಹೊಯ್ಯಲೇನ್ರಿ ದೊರಿ ಎಂದು ಕೇಳಿದ. ನಾಯಕ ನೀರಿನಿಂದೆದ್ದು, ಎರಡು ಸೋರೆ ಹೊತ್ತು, ಮೈಯಿಂದ ಧಾರೆ ಸುರಿಸಿಕೊಂಡು ನೇರ ಅಂಚಿನ ಬಂಡೆಯ ಕಡೆ ನಡೆದ. ಕೆಂಚವ್ವ ಹೌಹಾರಿ, ಗೌರವ ಗಿರವ ಎಲ್ಲ ಮರೆತು, "ಆಚಿ ಸರಿಯೋ ತಮ್ಮಾ, ಬೆಣಿ ಮ್ಯಾಲ ನೀರು ಬಿದ್ದೀತು!" ಎಂದು ಕೂಗಿಬಿಟ್ಟಳು. ಕೂಗಿದಮೇಲೆ ನಾಲಗೆ ಕಚ್ಚಿಕೊಂಡಳು. ನಾಯಕ ಮಾತ್ರ, ಅಕ್ಕನ ಮಾತು ಕೇಳಿದ ತಮ್ಮನಂತೆ ಎರಡು ಹೆಜ್ಜೆ ಆಚೆ ಸರಿದು ನಿಂತ. ಆಮೇಲೆ ಯಲ್ಲೋಜನನ್ನು ಕರೆದು ಬೆಣೆಗಳನ್ನೆಲ್ಲ ಕೀಳಿಸಿದ. ಕೀಳುವಾಗ ಒಂದು ತೊಟ್ಟು ನೀರೂ ತಾಗದಂತೆ ಕೆಂಚವ್ವ ತಾನೇ ಕಾವಲು ನಿಂತಳು. ಕೋಟೆಗೆ ಬೇರೆ ಗುಡ್ಡ ನೋಡೋಣ, ಇಲ್ಲಿ ಒಂದು ಚಕ್ಕೆಯೂ ಏಳಬಾರದು ಎಂದು ಅಪ್ಪಣೆಯಾಯಿತು. ಕೆಂಚವ್ವ ಆಗ ಅತ್ತಳು. ಬೆಳಗಿನಿಂದ ತಡೆದಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಬಂತು.

ಬಂದ ಉಳಿಗಳು ಸುಮ್ಮನೆ ಹಿಂದಿರುಗಬಾರದು, ಏನು ಕೆತ್ತಲಿ ಎಂದು ಯಲ್ಲೋಜ ಕೇಳಿದ. ದೊರೆಯ ಬಿರುದು, ದೊರೆಯ ಮೂರ್ತಿ ಎಂದು ಬಂಟರು ಸೂಚಿಸಿದರು. ನಾಯಕ ದಂಡೆಯ ಮೇಲೆ ಬಿದ್ದಿದ್ದ ಸೋರೆಯನ್ನು ಎತ್ತಿಕೊಂಡು, ಬೆನ್ನಿನ ಎರಡನ್ನೂ ಬಿಚ್ಚಿಸಿ, ಮೂರನ್ನೂ ಬಂಡೆಯ ಮೇಲೆ ಸಾಲಾಗಿಟ್ಟ. ಇವನ್ನು ಕೆತ್ತು ಎಂದ. ಎರಡೇ ಸಾಕಲ್ಲ ದೊರಿ, ಎಲ್ಲಾರಿಗೂ ಕಟ್ಟೋದು ಎರಡು ಎಂದು ಕೆಂಚವ್ವ ಗಾಬರಿಯಿಂದ ನಡುವೆ ಬಾಯಿ ಹಾಕಿದಳು. ಅವಳಿಗೆ ತನ್ನ ಆಣೆಯದೇ ಚಿಂತೆ. ನಾಯಕ ಎಲ್ಲರಿಗೂ ಕೇಳಿಸುವಂತೆ ಹೇಳಿದ:

"ಮೂರು ಕೆತ್ತು. ಆಣಿ ನಿಂದು ಕೆಂಚವ್ವಾ, ನಂದಲ್ಲ. ಮೂರನೇದು ಯಾಕಂತ ಯಾರರೆ ಕೇಳಿದ್ರ ಅಂಜಿಕಿಗೆ ಅಂತ ನನ್ನ ಹೆಸರು ಹೇಳು."

ಯಾರೂ ನಗಲಿಲ್ಲ ಎನ್ನುತ್ತಾರೆ. ಬದಲಾಗಿ, ಪಾಳೆಯದಲ್ಲಿ ನೀರಿಗೆ ಅಂಜುತ್ತಿದ್ದ ಬಂಟರೊಬ್ಬೊಬ್ಬರೇ ಮರುದಿನದಿಂದ ಕೆಂಚವ್ವನ ಬಾಗಿಲಿಗೆ ಬಂದು, ಮುಖ ಅತ್ತ ತಿರುಗಿಸಿಕೊಂಡು, ಮೂರು ಕೇಳತೊಡಗಿದರು. ಅಷ್ಟೊಂದು ಜನ ಇದ್ದರೆಂದು ಅವಳಿಗೂ ಗೊತ್ತಿರಲಿಲ್ಲ. ಆ ವರ್ಷ ಹಿತ್ತಲಿನ ಸೋರೆಬಳ್ಳಿಗೆ ಇನ್ನೊಂದು ಚಪ್ಪರ ಹಾಕಬೇಕಾಯಿತು. ಅದುವರೆಗೆ ಬರಿ ದೊಣೆಯಾಗಿದ್ದ ನೀರು ಅಂದಿನಿಂದ ಮೂರುಸೋರೆ ದೊಣೆಯಾಯಿತು.

ಇಂದಿಗೂ ಹೋದವರು ಅಂಚಿನ ಬಂಡೆಯ ಮೇಲೆ ಆ ಸಾಲುಗುಳಿಗಳನ್ನು ನೋಡಬಹುದು. ಸೀಳದೆ ಉಳಿದ ಬಂಡೆ ನೀರನ್ನು ಹಿಡಿದುಕೊಂಡೇ ಇದೆ. ಗುಳಿಗಳಲ್ಲಿ ಮಳೆಯ ನೀರು ನಿಂತು ಗುಬ್ಬಿಗಳು ಮೀಯುತ್ತವೆ. ಮೋರ್ಯರ ಮನೆಯ ಒಂದು ಕಂಡಿಯನ್ನು ನಾಯಕನ ಕಂಡಿ ಎಂದು ತೋರಿಸುತ್ತಾರೆ, ಹೊಟ್ಟೆಯಿದ್ದವರು ದೂರದಿಂದಲೇ ನೋಡಿ ಮುಂದೆ ಹೋಗುತ್ತಾರೆ. ಹುಲಿಗೆವ್ವ ದೊಣೆಯ ದಂಡೆಯಲ್ಲಿ ಸರ ಇಳಿಸಿ, ಎರಡು ಬೇಕಾದವರು ಈ ಕಡೆ, ಮೂರು ಬೇಕಾದವರು ಆ ಕಡೆ, ನಾಚಬ್ಯಾಡ್ರಿ, ದೊರಿನೂ ಕಟ್ಟಿಕೊಂಡಾನ ಎನ್ನುತ್ತಾಳೆ. ಮೊದಲು ಯಾರೂ ಅಲುಗುವುದಿಲ್ಲ. ಆಮೇಲೆ ಒಬ್ಬರು, ಅವರ ಹಿಂದೆ ಮತ್ತೊಬ್ಬರು, ಬಂಡೆಯ ಮೇಲಿನ ಕೆತ್ತನೆಯನ್ನು ಒಮ್ಮೆ ಸವರಿ ಆ ಕಡೆ ಹೋಗಿ ನಿಲ್ಲುತ್ತಾರೆ. ಮೊದಲೆರಡು ಸೋರೆಗಳ ಮೇಲೆ ಹಾವಸೆ ಬೆಳೆದು ಉಳಿಯ ಗೆರೆಗಳು ಮುಚ್ಚಿಹೋಗಿವೆ. ಮೂರನೆಯದು ಮಾತ್ರ ಕೈ ಆಡಿ ಆಡಿ ಕನ್ನಡಿಯಂತೆ ನುಣುಪಾಗಿದೆ.