ನೋಡಿಕೊಳ್ಳುವವಳ ಕೂಲಿ

"ಗುರುಗಳೇ, ನನಗೆ ಸಿಕ್ಕಿದ್ದೇ ಇನ್ನೊಬ್ಬನಿಗೂ ಸಿಕ್ಕಿದರೆ ನನ್ನದು ಕಡಿಮೆಯಾದ ಹಾಗೆ ಯಾಕೆ ಅನಿಸುತ್ತದೆ?" ಎಂದು ಮುಕುಂದ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಯಾರಪ್ಪ ಆ ಇನ್ನೊಬ್ಬ? ನೋವು ಅಂತ ಬಂದವನು ಎಲ್ಲಿ ನೋವು ಅಂತ ತೋರಿಸಬೇಕು" ಎಂದರು.

ಮುಕುಂದ ಸಂಕೋಚದಿಂದಲೇ ಹೇಳಿದ. ವರ್ಷವಿಡೀ ಬೆಳಗಿನ ಪಾಠವನ್ನು ಒಮ್ಮೆಯೂ ತಪ್ಪಿಸದವನು ಅವನೊಬ್ಬನೇ. ಅದಕ್ಕಾಗಿ ಗುರುಗಳು ಸಭೆಯಲ್ಲಿ ಅವನಿಗೆ ಶಾಲು ಹೊದಿಸಿದ್ದರು. ಅದೇ ಸಭೆಯಲ್ಲಿ, ಅಂಥದೇ ಶಾಲನ್ನು ಮಠದ ಬಾಗಿಲು ಕಾಯುವ ಐತಪ್ಪನಿಗೂ ಹೊದಿಸಿದ್ದರು.

"ಅವನು ಓದುವವನಲ್ಲ, ಬರೆಯುವವನಲ್ಲ. ನಸುಕಿನಲ್ಲಿ ಪಾಠಕ್ಕೆ ಎಬ್ಬಿಸಲು ನಮ್ಮ ಕೋಣೆಗಳ ಬಾಗಿಲು ತಟ್ಟುತ್ತಾನೆ, ಅಷ್ಟೇ. ಅವನ ಹೆಗಲ ಮೇಲೆ ಕಂಡಾಗಿನಿಂದ ನನ್ನ ಶಾಲನ್ನು ಹೊದೆಯಲು ಮನಸ್ಸೇ ಬರುತ್ತಿಲ್ಲ."

"ಹೊಟ್ಟೆಕಿಚ್ಚು ಎನ್ನು. ಬಾಯಿ ತುಂಬ ಹೇಳು. ಅಷ್ಟು ಸಣ್ಣ ಮಾತಿಗೆ ಇಷ್ಟುದ್ದದ ಪ್ರಶ್ನೆ ಯಾಕೆ?" ಎಂದರು ಗುರುಗಳು. ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು. "ಕೂತುಕೋ. ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಗೇರುಬೀಜದ ಕಾರ್ಖಾನೆ ಇತ್ತು. ಆ ಊರಿನ ಹೆಂಗಸರು ಅಲ್ಲಿ ಬೀಜ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ಗುಲಾಬಿ. ಗಂಡ ತೀರಿಹೋಗಿದ್ದ. ಆಗಷ್ಟೇ ನಡೆಯಲು ಕಲಿತ ಒಂದು ಹೆಣ್ಣುಮಗುವಿತ್ತು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ಕೂಲಿಯಿಂದ.

ಗೇರುಬೀಜದ ಸಿಪ್ಪೆಯಲ್ಲಿ ಸೊನೆ ಇರುತ್ತದೆ, ನಿನಗೂ ಗೊತ್ತು. ತಾಗಿದಲ್ಲಿ ಚರ್ಮ ಸುಟ್ಟು ಕಪ್ಪಾಗುತ್ತದೆ. ಕೈಗೆ ಬೂದಿ ಬಳಿದುಕೊಂಡು ಕೂತರೂ ಅದು ಬಿಡುವುದಿಲ್ಲ. ಸಂಜೆ ಮನೆಗೆ ಬಂದು, ಕೈ ತಿಕ್ಕಿ ತೊಳೆದು, ತೆಂಗಿನೆಣ್ಣೆ ಹಚ್ಚುವ ತನಕ ಗುಲಾಬಿ ತನ್ನ ಮಗುವನ್ನು ಮುಟ್ಟುವ ಹಾಗಿರಲಿಲ್ಲ. ಮಗು ಓಡಿ ಬಂದರೆ ಎರಡೂ ಕೈ ಮೇಲೆತ್ತಿ ಹಿಂದೆ ಸರಿಯುತ್ತಿದ್ದಳು. "ಬೇಡ ಮಗಾ, ಕೈಯಲ್ಲಿ ಸೊನೆ ಉಂಟು" ಎನ್ನುತ್ತಿದ್ದಳು.

ಹಗಲು ಆ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅಪ್ಪಿ. ಆಚೆಮನೆಯವಳು, ಗುಲಾಬಿಗಿಂತ ಸ್ವಲ್ಪ ದೊಡ್ಡವಳು. ಗುಲಾಬಿಯದೊಂದೇ ಅಲ್ಲ, ಕೆಲಸಕ್ಕೆ ಹೋಗುವ ಎಲ್ಲ ಹೆಂಗಸರ ಮಕ್ಕಳೂ ಅವಳ ಜಗಲಿಯ ಮೇಲೇ ಬೆಳೆಯುತ್ತಿದ್ದವು. ಪ್ರತಿ ಮನೆಯವರೂ ಅವಳಿಗೆ ಇಂತಿಷ್ಟು ಎಂದು ಕೊಡುತ್ತಿದ್ದರು.

ಗುಲಾಬಿಗೆ ಅಪ್ಪಿಯ ಕೈಗಳನ್ನು ಕಂಡರೆ ಆಗುತ್ತಿರಲಿಲ್ಲ. ಬೆಳ್ಳಗೆ, ಮೆತ್ತಗೆ, ಬಳೆ ತುಂಬಿದ ಕೈ. ಮಗುವಿನ ತಲೆ ಬಾಚುವುದು ಆ ಕೈ. ಗಂಜಿ ಕುಡಿಸುವುದು ಆ ಕೈ. ಸಂಜೆ ಕರೆದುಕೊಂಡು ಹೋಗಲು ಬಂದರೆ ಮಗು ಅಪ್ಪಿಯ ಸೆರಗು ಬಿಡುತ್ತಿರಲಿಲ್ಲ. ಗುಲಾಬಿ ಹೊರಗೆ ನಗುತ್ತಿದ್ದಳು, ಒಳಗೆ ಕುದಿಯುತ್ತಿದ್ದಳು. ಹೆತ್ತವಳು ನಾನು, ಸೆರಗು ಅವಳದಾ ಎಂದುಕೊಳ್ಳುತ್ತಿದ್ದಳು.

ಹೀಗಿರಲು ಸರ್ಕಾರ ಕಾರ್ಖಾನೆಯ ಕನಿಷ್ಠ ಕೂಲಿಯನ್ನು ಏರಿಸಿತು. ಗುಲಾಬಿಗೆ ಹಿಡಿಸಲಾರದಷ್ಟು ಸಂತೋಷ. ಅಂದೇ ಪೇಟೆಗೆ ಹೋಗಿ ಮಗುವಿಗೆ ಒಂದು ಜೊತೆ ಬೆಳ್ಳಿಯ ಕಾಲ್ಗೆಜ್ಜೆ ನೋಡಿಟ್ಟು ಬಂದಳು. ಗೆಜ್ಜೆ ಕಟ್ಟಿದರೆ ಮಗು ನಡೆದಲ್ಲೆಲ್ಲ ಅಮ್ಮ ಕೊಟ್ಟದ್ದು ಎಂದು ಸದ್ದಾಗುತ್ತದೆ. ಅಪ್ಪಿಯ ಜಗಲಿಯಲ್ಲಿಯೂ ಸದ್ದಾಗಲಿ ಎಂಬುದೇ ಅವಳ ಆಸೆ.

ಆ ವಾರದಲ್ಲೇ ಅಪ್ಪಿ ಹೆಂಗಸರ ಹತ್ತಿರ ಮಾತು ತೆಗೆದಳು. "ನಿಮಗೆಲ್ಲ ಕೂಲಿ ಏರಿತಂತೆ, ಒಳ್ಳೆಯದಾಯಿತು. ನನಗೂ ಸ್ವಲ್ಪ ಏರಿಸಿ ಮಾರಾಯ್ರೆ. ಅಕ್ಕಿ ಅಂಗಡಿಯವನು ನಿಮಗೊಂದು ದರ, ನನಗೊಂದು ದರ ಇಟ್ಟಿಲ್ಲವಲ್ಲ."

ಕೊಟ್ಟಿದ್ದರೆ ಏರಿದ್ದರಲ್ಲಿ ಒಂದು ಪಾಲು ಹೋಗುತ್ತಿತ್ತು. ಇನ್ನೊಂದು ಪಾಲು ಉಳಿಯುತ್ತಿತ್ತು. ಗೆಜ್ಜೆ ಈ ತಿಂಗಳ ಬದಲು ಮುಂದೆ ಎಂದಾದರೂ ಬರುತ್ತಿತ್ತು. ಅಷ್ಟೇ ತಾನೆ? ಆದರೆ ಹೊಟ್ಟೆ ಉರಿಯುವಾಗ ಕೂಡಿಸಿ ಕಳೆಯುವವರು ಯಾರು! ಗುಲಾಬಿಗೆ ಹೋಗುವ ಪಾಲು ಮಾತ್ರ ಕಂಡಿತು. ಅದು ಹೋಗುವುದು ಆ ಬೆಳ್ಳನೆಯ ಕೈಗೆ ಎಂಬುದು ಇನ್ನೂ ಚೆನ್ನಾಗಿ ಕಂಡಿತು.

ಮರುದಿನ ಊಟದ ಹೊತ್ತಿಗೆ ಕಾರ್ಖಾನೆಯ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದ್ದರು. ಕೆಲವರು, ಕೊಡೋಣ, ಪಾಪ, ಎಂದರು. ಗುಲಾಬಿ ಬುತ್ತಿ ಬಿಟ್ಟು ಎದ್ದಳು.

"ಎಂತ ಪಾಪ? ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ. ಅವಳ ಕೈಯಲ್ಲಿ ಕೆಸರು ಎಲ್ಲುಂಟು, ತೋರಿಸಿ. ಕೈ ಸುಟ್ಟುಕೊಳ್ಳುವುದು ನಾವು, ಏರಿಸಿ ಕೊಡಬೇಕಾದದ್ದು ಅವಳಿಗಾ? ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಸರಿ. ನೋಡುವುದಕ್ಕೆ ಎಂತ ಕೂಲಿ ಏರಿಸುವುದು? ಕಣ್ಣು ಸವೆಯುತ್ತದಾ?"

ಹೆಂಗಸರು ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಇನ್ನೇನು, ಕೊಡುವುದು ಬೇಡವೆಂದೇ ಆಯಿತು. ಕಣ್ಣು ಸವೆಯುತ್ತದಾ ಎಂಬ ಮಾತು ಮಾತ್ರ ಸಂಜೆಯೊಳಗೆ ಊರೆಲ್ಲ ಸುತ್ತಿತು. ಅಪ್ಪಿಯ ಕಿವಿಗೂ ಬಿತ್ತು.

ಅಪ್ಪಿ ಜಗಳಕ್ಕೆ ಬರಲಿಲ್ಲ. ಆ ತಿಂಗಳು ಮುಗಿಯುವ ತನಕ ಮಕ್ಕಳನ್ನು ನೋಡಿಕೊಂಡಳು. ಮರುತಿಂಗಳ ಮೊದಲ ದಿನ ಬೆಳಿಗ್ಗೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದರೆ ಅವಳ ಬಾಗಿಲಿಗೆ ಬೀಗ. ಕಾರ್ಖಾನೆಗೆ ಸುದ್ದಿ ಕೇಳಲು ಹೋದವರಿಗೆ ಅಪ್ಪಿ ಅಲ್ಲೇ ಕಂಡಳು. ಕೈಗೆ ಬೂದಿ ಬಳಿದುಕೊಂಡು ಬೀಜ ಒಡೆಯಲು ಕೂತಿದ್ದಳು. ಅಲ್ಲಿ ಕೂಲಿ ಏರಿದೆಯಲ್ಲ, ಮತ್ತೆ ಅವಳೇಕೆ ಹಳೆಯ ಕೂಲಿಗೆ ಜಗಲಿಯಲ್ಲಿ ಕೂತಿರಬೇಕು? ಸರ್ಕಾರ ಏರಿಸಿದ ಕೂಲಿ ಬೀಜ ಒಡೆಯುವ ಯಾವ ಕೈಗಾದರೂ ಸಿಗುತ್ತದೆ. ಗುಲಾಬಿಯ ಕೈ, ಅಪ್ಪಿಯ ಕೈ ಎಂದು ಅದು ನೋಡುವುದಿಲ್ಲ.

ಈಗ ಮಕ್ಕಳು ಯಾರ ಬಳಿ? ಹೆಂಗಸರು ಬೇರೆ ಊರಲ್ಲಿ ವಿಚಾರಿಸಿದರು. ಅಪ್ಪಿ ಕೇಳಿದ್ದಕ್ಕಿಂತ ಹೆಚ್ಚೇ ಕೇಳಿದರು ಅಲ್ಲಿಯವರು. ನಮ್ಮಲ್ಲೇ ಒಬ್ಬಳು ಮನೆಯಲ್ಲಿ ಉಳಿಯಬೇಕು ಎಂದು ಮಾತಾಯಿತು. ನೀನು ಉಳಿ, ನೀನು ಉಳಿ ಎಂದು ಜಗಳವಾಯಿತು. ಕೊನೆಗೆ ಒಬ್ಬಳು, "ಗುಲಾಬಿ ಇದ್ದಾಳಲ್ಲ! ನೋಡುವುದು ಕೆಲಸವೇ ಅಲ್ಲ ಅಂದವಳು ಅವಳೇ" ಎಂದಳು. ಎಲ್ಲರೂ ಹೌದು ಹೌದು ಎಂದರು. ಅಪ್ಪಿಯನ್ನು ಓಡಿಸಿದವಳೂ ನೀನೇ, ಇನ್ನು ನೀನೇ ನೋಡಿಕೋ ಎಂದು ಒಬ್ಬೊಬ್ಬರೇ ತಂದು ಮಕ್ಕಳನ್ನು ಅವಳ ಜಗಲಿಯಲ್ಲಿ ಬಿಟ್ಟು ಹೋದರು. ಗುಲಾಬಿ ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲೇ ಉಳಿದಳು. ತನ್ನ ಮಗುವನ್ನಾದರೂ ಬಿಟ್ಟು ಹೋಗಲು ಅವಳಿಗೂ ಬೇರೆ ಜಾಗವಿರಲಿಲ್ಲ.

ಒಂದು ಮಗು ಬಾವಿಯ ಕಡೆಗೆ ಓಡಿತು. ಒಂದು ಮಣ್ಣು ತಿಂದಿತು. ಒಂದು ಅತ್ತರೆ ಉಳಿದವೂ ಅತ್ತವು. ಸಂಜೆಯ ಹೊತ್ತಿಗೆ ಗುಲಾಬಿಯ ಸೊಂಟ ಬಿದ್ದುಹೋಗಿತ್ತು. ಬೀಜ ಒಡೆಯುವಾಗ ಬೀಜವಾದರೂ ಇಟ್ಟಲ್ಲಿ ಇರುತ್ತಿತ್ತು ಎಂದುಕೊಂಡಳು.

ತಿಂಗಳು ತುಂಬಿದಾಗ ಹೆಂಗಸರು ಹಳೆಯ ಲೆಕ್ಕದಲ್ಲೇ ಕೊಟ್ಟರು. ಅದು ಅಕ್ಕಿಗೇ ಸಾಲಲಿಲ್ಲ, ಗೆಜ್ಜೆಯ ಮಾತು ಎಲ್ಲಿ ಬಂತು! ಸ್ವಲ್ಪ ಏರಿಸಿ ಎಂದು ಗುಲಾಬಿ ಕೇಳಿದಳು.

"ಯಾಕೆ ಗುಲಾಬಿ, ಕಣ್ಣು ಸವೆಯುತ್ತದಾ?" ಎಂದಳು ಒಬ್ಬಳು. ಉಳಿದವರು ಗೊಳ್ಳೆಂದು ನಕ್ಕರು.

ಅದೇ ಸಂಜೆ ಅಪ್ಪಿ ಕೆಲಸ ಮುಗಿಸಿ ಆ ದಾರಿಯಲ್ಲಿ ಬಂದಳು. ಗುಲಾಬಿಯ ಮಗು ಕಂಡದ್ದೇ ತಡ, ಜಗಲಿ ಇಳಿದು ಅವಳ ಕಡೆಗೆ ಓಡಿತು. ಅಪ್ಪಿ ಬಗ್ಗಿ ಎತ್ತಿಕೊಳ್ಳಲು ಹೊರಟವಳು ತಟ್ಟನೆ ನಿಂತಳು. ಎರಡೂ ಕೈ ಮೇಲೆತ್ತಿ ಹಿಂದೆ ಸರಿದಳು.

"ಬೇಡ ಮಗಾ, ಕೈಯಲ್ಲಿ ಸೊನೆ ಉಂಟು" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಆ ಕೈಗಳಿಂದ ಆಗಲಿಲ್ಲ. ಮಗು ನಡುದಾರಿಯಲ್ಲಿ ನಿಂತು ಅಳತೊಡಗಿತು.

ಗುಲಾಬಿ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಈಗ ಕಪ್ಪು ಬಿಟ್ಟು ಅವಳ ಕೈ ಬೆಳ್ಳಗಾಗಿತ್ತು. ಮಗುವನ್ನು ಎತ್ತಿಕೊಳ್ಳಲು ತಡೆಯೇನೂ ಇರಲಿಲ್ಲ. ಆದರೂ ಅವಳ ಕಣ್ಣು ಹೋದದ್ದು ಮಗುವಿನ ಕಡೆಗಲ್ಲ, ಅಪ್ಪಿಯ ಆ ಕಪ್ಪು ಕೈಗಳ ಕಡೆಗೆ. ಏರಿದ ಕೂಲಿ ಪಡೆಯುವ ಆ ಕೈಗಳನ್ನು ಕಂಡು ಅವಳ ಹೊಟ್ಟೆ ಭಗ್ಗೆಂದು ಉರಿಯಿತು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಬತ್ತಿ ಹೊಸೆಯತೊಡಗಿದರು.

"ಆಮೇಲೆ ಗುಲಾಬಿ ಏನು ಮಾಡಿದಳು, ಗುರುಗಳೇ?" ಎಂದು ಮುಕುಂದ ಕೇಳಿದ.

"ಅವಳ ಮಾತು ಬಿಡು. ಐತಪ್ಪನ ಶಾಲನ್ನು ಈಗಲೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾಳೆ ನಸುಕಿನಲ್ಲಿ ನಿನ್ನ ಬಾಗಿಲು ಯಾರು ತಟ್ಟಬೇಕು, ಹೇಳು."