ಆಕಾಶದ ಕಲ್ಲು, ಕುಪ್ಪಣ್ಣನ ಹಣ್ಣಿನಂಗಡಿ

ಮಕ್ಕಳೇ, ದಟ್ಟವಾದ ಕಾಡಿನ ನಡುವೆ ತಟ್ಟೆಯಂತೆ ದುಂಡಗಿನ ಒಂದು ಕೊಳವಿತ್ತು. ಅದರ ದಂಡೆಯ ಮೇಲೆ ಪ್ರಾಣಿಗಳ ಪೇಟೆ. ಬೆಳಗಾದರೆ ಸಾಕು, ಎಂಥ ಗದ್ದಲ ಅಂತೀರಿ! ನೀರುಕೋಳಿ ಕೆಂಚಮ್ಮ ಜೊಂಡಿನ ಚಾಪೆ ಮಾರುತ್ತಿದ್ದಳು. ಮುಳ್ಳುಹಂದಿ ಸೂಜಕ್ಕ ಗೆಣಸು ಮಾರುತ್ತಿದ್ದಳು. ಎಲ್ಲರಿಗಿಂತ ದೊಡ್ಡ ಅಂಗಡಿ ಕರಿಮೂತಿಯ ಕೋತಿ, ಮುಸುವ ಕುಪ್ಪಣ್ಣನದು. ಹಲಸು, ಮಾವು, ನೇರಳೆ, ಎಲ್ಲವನ್ನೂ ನೀರಿನ ಅಂಚಿನಲ್ಲೇ ಗುಡ್ಡೆ ಹಾಕಿಕೊಂಡು, "ಬನ್ನಿ ಬನ್ನಿ, ತಿಂದು ನೋಡಿ ಕೊಳ್ಳಿ!" ಎಂದು ಕೂಗುತ್ತಿದ್ದ.

ಕುಪ್ಪಣ್ಣ ಒಳ್ಳೆಯವನೇ. ಆದರೆ ತಾನು ಕಣ್ಣಾರೆ ಕಾಣದ್ದು ಎಂದೂ ನಡೆಯುವುದೇ ಇಲ್ಲ ಎಂದು ನಂಬಿದ್ದ.

ಸೂಜಕ್ಕ ಹಾಗಲ್ಲ. ಅಂಗಡಿ ಮುಚ್ಚಿದ ಮೇಲೆ ನಕ್ಷತ್ರ ನೋಡುತ್ತಾ ಕೂರುವುದು ಅವಳ ಅಭ್ಯಾಸ. ಒಂದು ದಿನ ಅವಳು ತನ್ನ ಗೆಣಸಿನ ಅರ್ಧ ರಾಶಿಯನ್ನು ಗುಡ್ಡದ ಮೇಲಿನ ಬಿಲಕ್ಕೆ ಸಾಗಿಸತೊಡಗಿದಳು.

"ಏನು ಸೂಜಕ್ಕ, ಮನೆ ಬದಲಾಯಿಸ್ತಿದ್ದೀಯಾ?" ಎಂದ ಕುಪ್ಪಣ್ಣ.

"ಇಲ್ಲಪ್ಪ. ಆಕಾಶದಿಂದ ಕಲ್ಲು ಬಿದ್ದರೆ ಬೇಕಾಗುತ್ತೆ ಅಂತ."

ಕುಪ್ಪಣ್ಣ ನಕ್ಕ ರಭಸಕ್ಕೆ ಕೊಂಬೆಯಿಂದ ಜಾರಿ ನೇರಳೆ ರಾಶಿಯ ಮೇಲೆ ಬಿದ್ದ. "ಆಕಾಶದಿಂದ ಕಲ್ಲಾ? ಅಲ್ಲಿ ಯಾರು ಮನೆ ಕಟ್ಟಿಸ್ತಿದ್ದಾರೆ?"

"ರಾತ್ರಿ ಗೀಟು ಎಳೆದ ಹಾಗೆ ಉರಿದು ಹೋಗ್ತಾವಲ್ಲ, ಅವೆಲ್ಲ ಕಲ್ಲುಗಳೇ. ಸಣ್ಣವು ದಿನಾ ಬರ್ತವೆ, ದಾರಿಯಲ್ಲೇ ಬೂದಿಯಾಗ್ತವೆ. ದೊಡ್ಡದು ಬರೋದು ತೀರಾ ಅಪರೂಪ. ಆದರೆ ಒಂದು ಬಂದರೆ ಸಾಕು! ನಮ್ಮ ಕೊಳ ಇಷ್ಟು ದುಂಡಗಿರೋದು ಯಾಕೆ ಅಂದುಕೊಂಡೆ? ಅಂಥದ್ದೇ ಬಿದ್ದು ಆದ ಗುಂಡಿ ಇದು."

"ಬಿದ್ದಿದ್ದು ಯಾವಾಗ?"

"ನಮ್ಮಜ್ಜಿಯ ಅಜ್ಜಿಯ ಅಜ್ಜಿಗೂ ಮುಂಚೆ."

"ಹಾಗಾದರೆ ಮುಂದಿನದನ್ನು ನನ್ನ ಮೊಮ್ಮಗನ ಮೊಮ್ಮಗ ನೋಡಿಕೊಳ್ಳಲಿ ಬಿಡು!"

ಮರುದಿನವೇ ಕುಪ್ಪಣ್ಣ ಅಂಗಡಿಗೆ ಬೋರ್ಡು ತೂಗುಹಾಕಿದ: "ಆಕಾಶದ ಕಲ್ಲು ಬಿದ್ದ ದಿನ ಎಲ್ಲರಿಗೂ ಹಣ್ಣು ಪುಕ್ಕಟೆ!" ಪೇಟೆಯೆಲ್ಲ ಬಿದ್ದುಬಿದ್ದು ನಕ್ಕಿತು. ಕಪ್ಪೆಗಳಿಗಂತೂ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ಸೂಜಕ್ಕ ಸಿಟ್ಟಾಗಲಿಲ್ಲ. ಒಣಗಿದ ಸೋರೆಬುರುಡೆಯೊಂದನ್ನು ಮರಕ್ಕೆ ಕಟ್ಟಿದಳು. ಪ್ರತಿ ಸೋಮವಾರ ಅದನ್ನು ಡಬಡಬ ಬಡಿದು, ಗುಡ್ಡದ ತುದಿಯವರೆಗೆ ಓಡಿ ಅಭ್ಯಾಸ ಮಾಡಿದಳು. ಮೊದಮೊದಲು ಒಬ್ಬಳೇ. ಆಮೇಲೆ ಕೆಂಚಮ್ಮನೂ ತನ್ನ ಏಳು ಮರಿಗಳ ಜೊತೆ ಸೇರಿಕೊಂಡಳು.

"ಕಲ್ಲು ಬೀಳುತ್ತೋ ಇಲ್ಲವೋ, ಮಕ್ಕಳ ಕಾಲಾದರೂ ಗಟ್ಟಿಯಾಗುತ್ತೆ," ಎಂದಳು ಕೆಂಚಮ್ಮ.

ಹೊಸ ಗೆಣಸು ಬಂದಾಗಲೆಲ್ಲ ಸೂಜಕ್ಕ ಬಿಲದಲ್ಲಿದ್ದ ಹಳೆಯದನ್ನು ಮಾರಿ ಹೊಸದನ್ನು ತುಂಬಿದಳು. ಹೀಗೇ ಎರಡು ಬೇಸಿಗೆ ಕಳೆದವು.

ಒಂದು ಗುರುವಾರ ಮಧ್ಯಾಹ್ನ. ವ್ಯಾಪಾರ ಭರ್ಜರಿಯಾಗಿ ನಡೆದಿತ್ತು. ಇದ್ದಕ್ಕಿದ್ದಂತೆ ಪ್ರತಿಯೊಬ್ಬರಿಗೂ ಎರಡೆರಡು ನೆರಳು ಕಾಣಿಸಿತು! ಸೂಜಕ್ಕ ತಲೆಯೆತ್ತಿದಳು. ಮೇಲೆ ಸೂರ್ಯನಿಗೆ ಎದುರಾಗಿ ಇನ್ನೊಂದು ಸೂರ್ಯ, ಬಾಲ ಬಿಟ್ಟುಕೊಂಡು ಬರುತ್ತಿದೆ!

ಡಬಡಬ! ಡಬಡಬ!

ಏಳು ಮರಿಗಳೂ ಯಾರನ್ನೂ ಕೇಳದೆ ಗುಡ್ಡದ ಕಡೆ ಓಡಿದವು. ಅವುಗಳ ಹಿಂದೆ ಕೆಂಚಮ್ಮ, ಅವಳ ಹಿಂದೆ ಮೊಲಗಳು, ಕಪ್ಪೆಗಳು, ಇಡೀ ಪೇಟೆಯೇ ಓಡಿತು. ಕುಪ್ಪಣ್ಣ ಮಾತ್ರ ಹಲಸಿನಹಣ್ಣನ್ನು ತಬ್ಬಿಕೊಂಡು ನಿಂತು ಕೂಗಿದ: "ಎಲ್ಲಿಗೆ ಓಡ್ತೀರಿ? ಇವತ್ತು ಸೋಮವಾರ ಅಲ್ಲ ಕಣ್ರೀ!"

ಧಡಾಂ!

ಕಲ್ಲು ಕೊಳಕ್ಕೆ ಬಿತ್ತು. ಕೊಳವೇ ಎದ್ದು ನಿಂತಿತು! ಚಾಪೆ, ಬುಟ್ಟಿ, ಬೋರ್ಡು ಎಲ್ಲವೂ ಆಕಾಶಕ್ಕೆ ಹಾರಿದವು. ಕುಪ್ಪಣ್ಣ ಹಲಸಿನ ಸಮೇತ ಗಿರಗಿರನೆ ತಿರುಗಿ ಹೋಗಿ ಅತ್ತಿಮರದ ತುದಿಗೆ ಸಿಕ್ಕಿಕೊಂಡ. ಗುಡ್ಡದ ಮೇಲಿದ್ದವರ ತಲೆಗೆ ಮಾವಿನಹಣ್ಣಿನ ಮಳೆ!

"ಕುಪ್ಪಣ್ಣ ಮಾತಿಗೆ ತಪ್ಪಲಿಲ್ಲ! ಹಣ್ಣು ಪುಕ್ಕಟೆ!" ಎಂದು ಮೊಲವೊಂದು ಕುಣಿಯಿತು.

ನೀರು ಇಳಿದಾಗ ಪೇಟೆ ಇದ್ದ ಕಡೆ ಬರೀ ಕೆಸರು. ಆದರೆ ಒಂದು ಜೀವವೂ ಹೋಗಿರಲಿಲ್ಲ. ಕುಪ್ಪಣ್ಣ ಮರದಿಂದ ಇಳಿದು ಬಂದು, ತೊಟ್ಟಿಕ್ಕುವ ಬಾಲ ಹಿಡಿದುಕೊಂಡು ಅತ್ತ. ಅವನ ಅಂಗಡಿಯಲ್ಲಿ ಮಾವಿನ ಒಂದು ವಾಟೆಯೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಇಡೀ ಕಾಡಿನಲ್ಲಿ ತೆರೆದಿದ್ದು ಒಂದೇ ಅಂಗಡಿ, ಗುಡ್ಡದ ಮೇಲಿನ ಸೂಜಕ್ಕನ ಗೆಣಸಿನಂಗಡಿ. ಉದ್ದದ ಸಾಲಿನ ಕೊನೆಯಲ್ಲಿ ಕುಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದ.

"ಅಕ್ಕಾ, ನಿನ್ನನ್ನು ನೋಡಿ ಅಷ್ಟು ನಕ್ಕೆನಲ್ಲ..."

"ಮೊದಲು ತಿನ್ನು, ಆಮೇಲೆ ಅಳುವೆಯಂತೆ," ಎಂದು ಸೂಜಕ್ಕ ಎಲ್ಲಕ್ಕಿಂತ ದಪ್ಪನೆಯ ಗೆಣಸನ್ನೇ ಅವನ ಕೈಗಿಟ್ಟಳು.

ಎಲ್ಲರೂ ಸೇರಿ ಪೇಟೆಯನ್ನು ಮತ್ತೆ ಕಟ್ಟಿದರು. ಮುಂದಿನ ಹಣ್ಣಿನ ಕಾಲ ಬಂತು. ಮೊದಲ ಬುಟ್ಟಿ ತುಂಬಿದ ಕೂಡಲೇ ಕುಪ್ಪಣ್ಣ ಸೂಜಕ್ಕನ ಬಳಿಗೆ ಓಡಿಬಂದ.

"ಅಕ್ಕಾ, ಮುಂದಿನ ಕಲ್ಲು ಯಾವಾಗ ಬೀಳುತ್ತೆ?"

"ಯಾರಿಗೆ ಗೊತ್ತಪ್ಪ? ಸಾವಿರ ವರ್ಷಕ್ಕೋ, ಇವತ್ತು ಊಟದ ಹೊತ್ತಿಗೋ."

ಕುಪ್ಪಣ್ಣ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗುಡ್ಡದ ಕಡೆಗೆ ಜಿಗಿದ. "ಹಾಗಾದರೆ ಊಟಕ್ಕೆ ಮುಂಚೆ ಎರಡು ಸಲ ಹತ್ತಿಬರ್ತೀನಿ!"

ನೀತಿ: ಅಪರೂಪದ ಆಪತ್ತು ಹೇಳಿ ಬರುವುದಿಲ್ಲ, ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಅದಕ್ಕೆ ಸಿದ್ಧರಾದವರು ತಾವೂ ಉಳಿಯುತ್ತಾರೆ, ನೆರೆಯವರನ್ನೂ ಉಳಿಸುತ್ತಾರೆ.