ಗೇರ್ ಬೀಳದ ಕಾರು

“ಬುದ್ಧೀ, ನನ್ನ ಮನಸ್ಸೇ ಕೆಟ್ಟುಹೋಗಿದೆಯೇ?” ಎಂದು ಚನ್ನವೀರ ಸ್ವಾಮಿಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಬಂದ ವರ್ಷ ಒಪ್ಪೊತ್ತಿನ ಊಟದ ನೇಮ ಹಿಡಿದ. ಮರುವರ್ಷ ತಣ್ಣೀರ ಸ್ನಾನ ಸೇರಿತು. ಆಮೇಲೆ ಸಾವಿರ ಜಪ. ಈ ಶ್ರಾವಣದಿಂದ ಸೋಮವಾರದ ಮೌನ. ಹಿಡಿದದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಆದರೂ ಮನಸ್ಸು ಇದ್ದಲ್ಲೇ ಇದೆ, ಮುಂದೆ ಹೋಗುತ್ತಿಲ್ಲ ಎಂಬುದು ಅವನ ಸಂಕಟ.

“ಇನ್ನೂ ಕಠಿಣವಾದ ವ್ರತ ಒಂದನ್ನು ಕೊಡಿ. ಇಲ್ಲವೇ ಅಪ್ಪಣೆ ಕೊಡಿ, ಊರಿಗೆ ಹೋಗುತ್ತೇನೆ” ಎಂದ. ಅವನ ಕೈಚೀಲ ಆಗಲೇ ಬಾಗಿಲ ಬಳಿ ಇತ್ತು.

ಅಷ್ಟರಲ್ಲಿ ಅಡುಗೆಯ ಮರಿಬಸವ ಬಂದು ಮಜ್ಜಿಗೆಯ ಲೋಟಗಳನ್ನು ಇಟ್ಟುಹೋದ. ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಚನ್ನವೀರ ಲೋಟ ತೆಗೆದುಕೊಂಡ, ಕೈಗೇನಾಯಿತೆಂದು ಕೇಳಲಿಲ್ಲ.

ಸ್ವಾಮಿಗಳು ಚೀಲದ ಕಡೆ ನೋಡಿದರು. “ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಕತೆ ಕೇಳು. ಕತೆ ಕೇಳಬಾರದೆಂಬ ವ್ರತವೇನೂ ಹಿಡಿದಿಲ್ಲ ತಾನೆ?” ಎಂದು ನಕ್ಕು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಅವನಿಗೊಂದು ಹಳೆಯ ಬಾಡಿಗೆ ಕಾರಿತ್ತು. ಕಾರೆಂದರೆ ಅವನಿಗೆ ದೇವರು. ಚಪ್ಪಲಿ ಕಳಚಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದ. ಆಯುಧಪೂಜೆಯ ದಿನ ಕಾರು ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ತನ್ನ ಕಾಲಡಿಗೆ ಹೊಸ ಮ್ಯಾಟು ಹಾಸುತ್ತಿದ್ದ. ಹಳೆಯದನ್ನು ತೆಗೆಯುತ್ತಿರಲಿಲ್ಲ. ಅದಕ್ಕೆ ಹಿಂದಿನ ವರ್ಷ ಕುಂಕುಮ ಬಿದ್ದಿದೆ. ಪೂಜೆಯಾದದ್ದನ್ನು ತಿಪ್ಪೆಗೆ ಹಾಕುವುದುಂಟೇ? ಹೀಗೆ ಮ್ಯಾಟಿನ ಮೇಲೆ ಮ್ಯಾಟು ಬಿತ್ತು. ಭಕ್ತಿ ದಪ್ಪವಾಗುತ್ತಾ ಹೋಯಿತು.

ಅದೇ ಊರಿನಲ್ಲಿ ಮೂತ್ರಪಿಂಡ ಸೋತ ಒಬ್ಬ ತಾಯಿಯಿದ್ದಳು. ಆಕೆಗೆ ವಾರವಾರವೂ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಒಂದು ಸರದಿ ತಪ್ಪಿದರೂ ಮೈ ಊದಿಕೊಂಡು ಉಸಿರು ಕಟ್ಟುತ್ತಿತ್ತು. ಅಷ್ಟು ಬೆಳಗ್ಗೆ ಬಸ್ಸಿಲ್ಲವಾದ್ದರಿಂದ ಈ ಚಾಲಕನೇ ಕರೆದೊಯ್ಯುತ್ತಿದ್ದ.

ಕೆಲವು ಕಾಲದಿಂದ ಕಾರಿನ ಗೇರ್ ತಕರಾರು ಮಾಡುತ್ತಿತ್ತು. ಕಾರಿಗೆ ವಯಸ್ಸಾಯಿತು ಎಂದುಕೊಂಡು ಚಾಲಕ ಸುಮ್ಮನಿದ್ದ. ಈ ಸಲದ ಪೂಜೆಗೆ ದಪ್ಪನೆಯ ನಾರಿನ ಮ್ಯಾಟು ತಂದು ಹಾಸಿದ. ಮರುದಿನ, ವಿಜಯದಶಮಿಯ ಬೆಳಗ್ಗೆ, ಆ ತಾಯಿಯನ್ನು ಕೂರಿಸಿಕೊಂಡು, ಹೇಗೋ ಜಗ್ಗಿ ಗೇರ್ ಹಾಕಿ ಹೊರಟ. ಅರ್ಧ ದಾರಿಯ ರಸ್ತೆಯುಬ್ಬಿನ ಹತ್ತಿರ ಕಾರು ನಿಂತಿತು. ಒಂದನೇ ಗೇರ್ ಬೀಳಲೊಲ್ಲದು. ಜಗ್ಗಿದರೆ ಕರಕರ ಎನ್ನುತ್ತದೆ. ಹಬ್ಬದ ದಿನ, ರಸ್ತೆಯಲ್ಲಿ ಬೇರೆ ವಾಹನದ ಸುಳಿವಿಲ್ಲ. ಪಕ್ಕದ ಹೊಲದವರು ಬಂದು ಕಾರನ್ನು ಹತ್ತಿರದ ಗ್ಯಾರೇಜಿಗೆ ತಳ್ಳಿಕೊಟ್ಟರು.

ಮೆಕ್ಯಾನಿಕ್ ಪೂಜೆಗಿಟ್ಟಿದ್ದ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ಕೈಗೆತ್ತಿಕೊಂಡ. ಎಣ್ಣೆ ನೋಡಿದ. ಗೇರ್ ಕಡ್ಡಿ ಅಲ್ಲಾಡಿಸಿದ. ಕ್ಲಚ್ಚಿನ ಕೇಬಲ್ ಎಳೆದು ನೋಡಿದ. ಎಲ್ಲವೂ ಸರಿಯಾಗಿತ್ತು.

“ಗೇರ್ ಬಾಕ್ಸೇ ಬಿಚ್ಚಬೇಕು ಅಂತ ಕಾಣುತ್ತೆ. ಬಿಚ್ಚಿದ್ರೆ ಇವತ್ತಂತೂ ಓಡಲ್ಲ ಅಣ್ಣ” ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಚಾಲಕನಿಗೆ ಜೀವ ಬಾಯಿಗೆ ಬಂತು. ಆ ತಾಯಿ ಊದಿದ ಕಾಲುಗಳನ್ನು ಇಳಿಬಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಏನೊಂದೂ ಕೇಳಲಿಲ್ಲ. ಅವಳು ಕೇಳದಿದ್ದದ್ದೇ ಅವನಿಗೆ ಹೆಚ್ಚು ನೋವಾಯಿತು.

ಬಿಚ್ಚುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಮೆಕ್ಯಾನಿಕ್ ಚಾಲಕನ ಸೀಟಿಗೆ ಹತ್ತಹೋದ. “ಚಪ್ಪಲಿ!” ಎಂದ ಚಾಲಕ. ಅಂಥ ಸಂಕಟದಲ್ಲೂ ಅವನಿಗೆ ಅದು ಮರೆತಿರಲಿಲ್ಲ. ಮೆಕ್ಯಾನಿಕ್ ಗೊಣಗುತ್ತಾ ಚಪ್ಪಲಿ ಬಿಟ್ಟು ಕೂತ. ಇಂಜಿನ್ ಆರಿಸಿ ಗೇರ್ ಹಾಕಿದ, ಸಲೀಸಾಗಿ ಬಿತ್ತು. ಇಂಜಿನ್ ಶುರುಮಾಡಿ ಹಾಕಿದ, ಮತ್ತೆ ಕರಕರ. ಆರಿಸಿದಾಗ ಬೀಳುವ ಗೇರ್ ಓಡುವಾಗ ಬೀಳುವುದಿಲ್ಲವೆಂದರೆ ಗೇರ್ ಬಾಕ್ಸ್ ಕೆಟ್ಟಿಲ್ಲ. ಕ್ಲಚ್ ಪೂರ್ತಿ ಕೆಳಗಿಳಿದು ಇಂಜಿನ್ನಿನ ಹಿಡಿತ ಬಿಡಿಸಿದರೆ ತಾನೆ ಗೇರ್ ಬೀಳುವುದು? ಅವನು ಕ್ಲಚ್ಚನ್ನು ಮತ್ತೆ ಒತ್ತಿದ. ಪೆಡಲು ತಳ ಮುಟ್ಟದೆ ನಡುವೆಯೇ ಮೆತ್ತಗೆ ನಿಂತಿತು. ಅವನ ಬರಿಯ ಹಿಮ್ಮಡಿ ನಾರಿನಲ್ಲಿ ಹೂತುಕೊಂಡಿತು.

“ಅಣ್ಣಾ, ಇದು ಕಾರೋ ಹಾಸಿಗೆನೋ? ತೆಗಿ ಇವನ್ನೆಲ್ಲ!”

“ಪೂಜೆ ಆಗಿರೋವು ಕಣೋ. ಹೆಂಗೆ ಎಸೀಲಿ?”

ಮೆಕ್ಯಾನಿಕ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಕೆಳಗಿಳಿದ. ಅವನೂ ಸ್ಪ್ಯಾನರಿಗೆ ಕೈಮುಗಿದವನೇ. ಇಬ್ಬರೂ ಮ್ಯಾಟುಗಳನ್ನು ನೋಡುತ್ತಾ ನಿಂತುಬಿಟ್ಟರು. ಸರದಿಯ ಹೊತ್ತು ಮೀರುತ್ತಿತ್ತು.

ಆಗ ಆ ತಾಯಿ ಬಾಯಿ ಬಿಟ್ಟಳು. “ಎಸೆಯೋದ್ಯಾಕೆ ಮಗಾ? ಇಲ್ಲಿ ಕೊಡು, ನನ್ನ ಮಡಿಲಲ್ಲಿ ಇಟ್ಕೋತೀನಿ. ನೀನು ಕಾರು ಬಿಡು.”

ಚಾಲಕ ಒಂದೊಂದೇ ಮ್ಯಾಟನ್ನು ಎಳೆದು ತೆಗೆದ. ಹಳೆಯ ಕುಂಕುಮ ಕೈಗೆ ಹತ್ತಿತು. ಅವಳ ಮಡಿಲಿಗೆ ಕೊಡಲು ಹೋದವನು ಅವಳ ಕಾಲು ನೋಡಿದ. ಮ್ಯಾಟುಗಳನ್ನು ಮಡಿಸಿ, ಒಂದರ ಮೇಲೊಂದು ಪೇರಿಸಿ, ಊದಿದ ಆ ಕಾಲುಗಳನ್ನು ಮೆಲ್ಲಗೆ ಎತ್ತಿ ಅವುಗಳ ಮೇಲಿಟ್ಟ. ಆಕೆ “ಹಾ, ಈಗ ಹಾಯಾಯ್ತು” ಎಂದಳು. ಚಾಲಕ ಹೋಗಿ ಕ್ಲಚ್ ಒತ್ತಿದ. ಪೆಡಲು ತಳ ಮುಟ್ಟಿತು, ಗೇರ್ ಬಿತ್ತು. ಅಂದಿನ ಸರದಿ ತಪ್ಪಲಿಲ್ಲ.

ಸ್ವಾಮಿಗಳು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

“ಹಾಗಾದರೆ ನನ್ನ ವ್ರತಗಳನ್ನೆಲ್ಲ ಬಿಟ್ಟುಬಿಡಲೇ ಬುದ್ಧೀ?” ಎಂದು ಚನ್ನವೀರ ಕೇಳಿದ.

“ಮರಿಬಸವ ಕೈ ಸುಟ್ಟುಕೊಂಡು ನಿನ್ನನ್ನು ಕೂಗಿದ್ದು ಸೋಮವಾರ, ಮೌನವೆಂದು ನೀನು ಓಗೊಡಲಿಲ್ಲ; ಬರುವ ಸೋಮವಾರ ಅವನ ಬದಲು ಮುದ್ದೆ ನೀನು ಕಟ್ಟು, ಕರೆದರೆ ಓಗೊಡು.”

ಚನ್ನವೀರ ಮಾತಾಡಲಿಲ್ಲ. ಅಂದು ಸೋಮವಾರವಾಗಿರಲಿಲ್ಲ.